ಮಾತಾಡದ ಕರಿ ಮೂರು

ಪೈಪ್ ಆರ್ಗನ್ ಕಟ್ಟುವ ಕೆಲಸ ಕಲಿಯೋಕೆ ನಾನು ಸೇರಿದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಒಂದು ಆರ್ಗನ್ನನ್ನು ಹತ್ತಿರದಿಂದ ನೋಡಿದವಳೂ ಅಲ್ಲ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಪೀಣ್ಯದ ಟೂಲ್ ರೂಮೊಂದರಲ್ಲಿ ಆರು ವರ್ಷ ಅಳತೆ ಪರೀಕ್ಷಿಸುವ ಕೆಲಸ ಮಾಡಿ, ಮದುವೆಯಾಗಿ ಮ್ಯೂನಿಕ್‌ಗೆ ಬಂದವಳು ನಾನು. ಗಂಡ ಕಾರ್ ಕಂಪನಿಯೊಂದರಲ್ಲಿ ಇಂಜಿನಿಯರ್. ಊರೊಳಗಿನ ಬಾಡಿಗೆ ಕೈಗೆ ಎಟುಕದೆ ಎಸ್-ಬಾನ್ ರೈಲಿನ ಕೊನೆಯ ಸ್ಟೇಷನ್ನಿನ ಹತ್ತಿರ ಮನೆ ಹಿಡಿದಿದ್ದೆವು.

ಮಗಳನ್ನು ಕಿಂಡರ್‌ಗಾರ್ಟನ್‌ಗೆ ಬಿಟ್ಟು ಸೈಕಲ್ ತುಳಿದುಕೊಂಡು ಬರುವ ದಾರಿಯಲ್ಲಿ ಒಂದು ಎತ್ತರದ ಶೆಡ್ ಇತ್ತು. ಬೇಸಿಗೆಯಲ್ಲಿ ಅದರ ಬಾಗಿಲು ತೆರೆದೇ ಇರೋದು. ಒಳಗಿಂದ ಮರ ಕೊರೆಯುವ ಸದ್ದು, ಹೊಸ ಓಕ್ ಮರದ ಹುಳಿ ವಾಸನೆ. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು: ಅಟ್ಸೂಬಿ ಬೇಕಾಗಿದ್ದಾರೆ. ಇಲ್ಲಿ ಕಸುಬು ಕಲಿಯುವವರನ್ನು ಹಾಗೆ ಕರೆಯುತ್ತಾರೆ. ಎರಡು ವಾರ ಆ ಕಾಗದ ನೋಡಿಕೊಂಡು ಹೋದೆ. ಮೂರನೇ ವಾರ ಸೈಕಲ್ ಗೋಡೆಗೆ ಒರಗಿಸಿ ಒಳಗೆ ಕಾಲಿಟ್ಟೆ.

ಅರವತ್ತರ ಹತ್ತಿರದ ಒಬ್ಬರು, ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡವರು, ಏನು ಬೇಕು ಅಂತ ಕೇಳಿದರು. ನನ್ನ ಜರ್ಮನ್ ಆಗ ಅಂಗಡಿಗೆ, ಡಾಕ್ಟರ ಹತ್ತಿರ ಹೋಗಿ ಬರುವಷ್ಟು. "ಕಾಗದ ನೋಡಿದೆ," ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಲಿಲ್ಲ, ವಯಸ್ಸೂ ಕೇಳಲಿಲ್ಲ. ಮೇಜಿನ ಮೇಲಿದ್ದ ಆರು ಮರದ ಪಟ್ಟಿಗಳನ್ನು ನನ್ನ ಮುಂದೆ ಸರಿಸಿ, "ಇದರಲ್ಲಿ ಯಾವುದು ಸರಿಯಿಲ್ಲ?" ಅಂದರು. ನಾನು ಬೆರಳಲ್ಲೇ ಸವರಿ ನೋಡಿ ನಾಲ್ಕನೆಯದನ್ನು ತೆಗೆದು ಪಕ್ಕಕ್ಕಿಟ್ಟೆ. ಆರು ವರ್ಷ ಅದನ್ನೇ ಅಲ್ಲವೇ ಮಾಡಿದ್ದು. ಅವರು ಕ್ಯಾಲಿಪರ್ ಹಿಡಿದು ಅಳೆದರು. "ಸೋಮವಾರ ಏಳು ಗಂಟೆಗೆ ಬಾ," ಅಂದರು.

ರಾತ್ರಿ ಊಟ ಮಾಡುತ್ತಾ ಗಂಡನಿಗೆ ಹೇಳಿದೆ. ಅವರು ಚಪಾತಿ ಮುರಿಯೋದನ್ನು ನಿಲ್ಲಿಸಿ, "ಆರ್ಗನ್ ಅಂದ್ರೆ ಚರ್ಚಲ್ಲಿ ಬಾರಿಸ್ತಾರಲ್ಲ, ಅದಾ? ಇನ್ನೂ ಅದನ್ನ ಮಾಡ್ತಾರಾ?" ಅಂದರು. ಆಮೇಲೆ, "ಬೆಳಿಗ್ಗೆ ಪಾಪೂನ ನಾನೇ ಬಿಡ್ತೀನಿ," ಅಂದರು. ಅಷ್ಟರಲ್ಲಿ ನಮ್ಮ ಮನೆಯ ಚರ್ಚೆ ಮುಗಿಯಿತು.

ದಾವಣಗೆರೆಯಲ್ಲಿ ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. ಕೆಲಸ ಕಲಿಸುವವರನ್ನು ಇಲ್ಲಿ 'ಮೈಸ್ಟರ್' ಅಂತಾರೆ ಅಂತ ಫೋನಿನಲ್ಲಿ ಹೇಳಿದ್ದನ್ನು ಅಮ್ಮಿ 'ಮೇಷ್ಟ್ರು' ಅಂತಲೇ ಕೇಳಿಸಿಕೊಂಡರು. "ಮಗಳು ಸ್ಕೂಲಿಗೆ ಹೋಗೋ ಹೊತ್ತಲ್ಲಿ ನೀನು ಮೇಷ್ಟ್ರ ಹತ್ರ ಬೈಸ್ಕೊಳ್ಳಕ್ಕೆ ಹೋಗ್ತೀಯಾ? ಅದೂ ಚರ್ಚ್ ಒಳಗೆ!" ಅಂದರು. ಅಬ್ಬಾ ಫೋನ್ ಕಸಿದುಕೊಂಡರು. ಅವರು ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. "ಅದು ಗಾಳಿ ಮೇಲೆ ನಡೆಯೋ ಯಂತ್ರ ತಾನೆ?" ಅಂದರು. ಹೌದು ಅಂದೆ. "ಹಂಗಾದ್ರೆ ಏರ್ ಬ್ರೇಕ್ ಇದ್ದಂಗೆ. ಗಾಳಿ ಸೋರದಂಗೆ ನೋಡ್ಕೊಂಡ್ರೆ ಆಯ್ತು." ಮೂರೂವರೆ ವರ್ಷದ ತರಬೇತಿಯನ್ನು ಅಬ್ಬಾ ಒಂದೇ ವಾಕ್ಯದಲ್ಲಿ ಮುಗಿಸಿದ್ದರು. ಅಂದಿನಿಂದ ನನ್ನ ಮೈಸ್ಟರ್ ನಮ್ಮ ಮನೆಯಲ್ಲೆಲ್ಲ ಮೇಷ್ಟ್ರೇ ಆದರು. ಇಲ್ಲೂ ಹಾಗೇ ಕರೆಯುತ್ತೇನೆ.

ಮೊದಲ ವರ್ಷ ನಾನು ಹೆಚ್ಚಾಗಿ ಮಾಡಿದ್ದು ಕೀ ಒತ್ತಿ ಹಿಡಿಯುವ ಕೆಲಸ. ಶ್ರುತಿ ಮಾಡುವಾಗ ಮೇಷ್ಟ್ರು ಆರ್ಗನ್ನಿನ ಹೊಟ್ಟೆಯೊಳಗೆ, ನೂರಾರು ಪೈಪುಗಳ ನಡುವೆ ಏಣಿ ಮೇಲೆ. ನಾನು ಹೊರಗೆ ಕೀಬೋರ್ಡಿನ ಮುಂದೆ. ಅವರು ಒಳಗಿಂದ "ಮುಂದಿನದು" ಅಂದಾಗ ಮುಂದಿನ ಕೀ. ಮತ್ತೆ "ಮುಂದಿನದು." ನವೆಂಬರ್ ತಿಂಗಳ ಚರ್ಚುಗಳು ಫ್ರಿಜ್ಜಿನಂತಿರುತ್ತವೆ. ಎರಡು ಜೊತೆ ಸಾಕ್ಸ್ ಹಾಕಿ, ಬೆರಳು ಕತ್ತರಿಸಿದ ಗ್ಲೌಸ್ ತೊಟ್ಟು, ದಿನಕ್ಕೆ ಆರು ಗಂಟೆ ಹಾಗೆ ಕೂತಿದ್ದೇನೆ. ಬೇಸರವಾಗುತ್ತಿರಲಿಲ್ಲವೇ ಅಂತ ಕೇಳುತ್ತಾರೆ. ಮೊದಲ ವಾರ ಆಯಿತು. ಎರಡನೇ ವಾರದಿಂದ ಪೈಪು ಶ್ರುತಿಗೆ ಹತ್ತಿರವಾಗುತ್ತಿದ್ದಂತೆ ಸ್ವರದೊಳಗಿನ ನಡುಕ ನಿಧಾನವಾಗುತ್ತಾ ಬಂದು, ಕೊನೆಗೆ ನಿಂತೇ ಹೋಗೋದು ನನ್ನ ಕಿವಿಗೂ ಸಿಗತೊಡಗಿತು. ಆಮೇಲೆ ಮೇಷ್ಟ್ರು "ಮುಂದಿನದು" ಅನ್ನುವ ಮುಂಚೆಯೇ ನನ್ನ ಬೆರಳು ಮುಂದಕ್ಕೆ ಹೋಗಿರುತ್ತಿತ್ತು. ಒಂದು ದಿನ ಅವರು ಒಳಗಿಂದಲೇ, "ಇನ್ನು ನಾನು ಬಾಯಿ ಬಿಡೋದು ಬೇಡ," ಅಂದರು. ಅವರ ಬಾಯಿಂದ ಅದು ದೊಡ್ಡ ಹೊಗಳಿಕೆ.

ಎರಡನೇ ವರ್ಷದ ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯೊಂದರ ಆರ್ಗನ್ ಬಿಚ್ಚಿ ತೊಳೆಯುವ ಕೆಲಸ ಬಂತು. ಸಣ್ಣ ಆರ್ಗನ್, ಒಂದೇ ಕೀಬೋರ್ಡ್. ಚರ್ಚಿನ ಹಿಂಭಾಗದ ಅಟ್ಟದ ಮೇಲೆ ಕೂತಿತ್ತು. ನಾವು ಮೆಟ್ಟಿಲು ಹತ್ತಿದಾಗ ಅದನ್ನು ನುಡಿಸುವ ಅಜ್ಜಿ ಕಾಯುತ್ತಿದ್ದರು. ಎಪ್ಪತ್ತೆಂಟು ವರ್ಷ, ಅದೇ ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ನನ್ನ ಕೈಕುಲುಕಿ, ನೇರವಾಗಿ ವಿಷಯಕ್ಕೆ ಬಂದರು.

"ಎಲ್ಲಾ ಚೆನ್ನಾಗಿದೆ. ಇದೊಂದು ಮಾತ್ರ ಮಾತಾಡಲ್ಲ," ಅಂತ ಕೀಬೋರ್ಡಿನ ನಡುವಿನ ಒಂದು ಕರಿ ಕೀ ಒತ್ತಿದರು. ಟಕ್ ಅಂತ ಮರದ ಸದ್ದು, ಅಷ್ಟೇ.

ಜರ್ಮನರು ಆ ಸ್ವರಕ್ಕೆ 'ಫಿಸ್' ಅನ್ನುತ್ತಾರೆ. ನಮ್ಮ ಕಡೆ ನಾಟಕ ಕಂಪನಿಯ ಹಾರ್ಮೋನಿಯಂನವರು 'ಕರಿ ಮೂರು' ಅನ್ನೋದು ಇದಕ್ಕೇ. ನನಗೆ ಸಂಗೀತ ಗೊತ್ತಿಲ್ಲದಿದ್ದರೂ ಆ ಹೆಸರು ಗೊತ್ತಿತ್ತು. ಡಿಪೋ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಕಂಡಕ್ಟರ್ ಹವ್ಯಾಸಕ್ಕೆ ನಾಟಕದ ಹಾಡು ಹಾಡುತ್ತಿದ್ದರು.

"ಯಾವಾಗಿನಿಂದ ಹೀಗೆ?" ಮೇಷ್ಟ್ರು ಕೇಳಿದರು.

"ಮೂವತ್ತು ವರ್ಷದ ಮೇಲಾಯ್ತು. ಅದಕ್ಕೂ ಮುಂಚೆ ಒತ್ತಿದರೆ ನಿಲ್ಲುತ್ತಲೇ ಇರಲಿಲ್ಲ. ಒಂದು ಸಾವಿನ ಪೂಜೆಯಲ್ಲಿ ಶುರು ಮಾಡಿಕೊಂಡು ಪಾದ್ರಿಗಳು ಮಾತಾಡಿ ಮುಗಿಸುವವರೆಗೂ ಕೂಗಿತು. ಯಾರೋ ಬಂದು ಬಾಯಿ ಕಟ್ಟಿ ಹೋದರು."

"ಹಾಗಾದರೆ ಅದಿಲ್ಲದೆ ಹೇಗೆ ನುಡಿಸ್ತೀರಿ?" ಅಂತ ನಾನು ಕೇಳಿದೆ.

"ಅದು ಬರುವ ಹಾಡನ್ನೆಲ್ಲ ಒಂದು ಸ್ವರ ಕೆಳಗೆ ಇಳಿಸಿ ನುಡಿಸ್ತೀನಿ. ಆಗ ಅದು ಬೇಕಾಗಲ್ಲ. ಊರಿಗೆ ಊರೇ ಕೆಳಗೆ ಇಳಿದು ಹಾಡುತ್ತೆ."

ಮೂರು ದಿನ ಪೈಪುಗಳನ್ನು ಇಳಿಸಿ, ಸಾಲುಸಾಲಾಗಿ ಬೆಂಚುಗಳ ಮೇಲೆ ಮಲಗಿಸಿದೆವು. ನಾಲ್ಕನೇ ದಿನ ಅವುಗಳ ಕೆಳಗಿದ್ದ ಗಾಳಿಪೆಟ್ಟಿಗೆ ತೆರೆದೆವು. ಒಂದೊಂದು ಕೀಗೂ ಅದರೊಳಗೆ ಒಂದೊಂದು ಮರದ ಮುಚ್ಚಳ ಇರುತ್ತದೆ. ಕೀ ಒತ್ತಿದರೆ ತೆಳುವಾದ ಪಟ್ಟಿಯೊಂದು ಮುಚ್ಚಳವನ್ನು ಎಳೆಯುತ್ತದೆ, ಗಾಳಿ ಪೈಪಿಗೆ ಹೋಗುತ್ತದೆ. ಬಿಟ್ಟರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಕರಿ ಮೂರರ ಮುಚ್ಚಳ ಹಪ್ಪಳದಂತೆ ಸೊಟ್ಟಗಾಗಿತ್ತು. ಅದು ಸರಿಯಾಗಿ ಮುಚ್ಚಿಕೊಳ್ಳದೆ ಕೂಗುತ್ತಿದ್ದುದರಿಂದ ಆ ಯಾರೋ ಪುಣ್ಯಾತ್ಮ ತೂತಿಗೆ ಕಾಗದ ಅಂಟಿಸಿ, ಎಳೆಯುವ ಪಟ್ಟಿಯ ಕೊಂಡಿ ಕಳಚಿಟ್ಟಿದ್ದ. ಪಕ್ಕದ ಮರದ ಮೇಲೆ ಪೆನ್ಸಿಲ್‌ನಲ್ಲಿ ಒಂದು ಪದ ಬರೆದಿದ್ದ. ಟಾರ್ಚ್ ಬಿಟ್ಟು ಓದಿದೆ. 'ತಾತ್ಕಾಲಿಕ.'

ಮೇಷ್ಟ್ರು ಜೋರಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲ ಸಲ. ಕಣ್ಣೊರೆಸಿಕೊಂಡು, ಸೊಟ್ಟ ಮುಚ್ಚಳವನ್ನು ನನ್ನ ಕೈಗಿಟ್ಟು, "ಹೊಸದು ನೀನು ಮಾಡು," ಅಂದರು.

ಗೇಣುದ್ದ, ಎರಡು ಬೆರಳಗಲದ ಮರದ ತುಂಡು. ಅದರ ಮೇಲೆ ಉಣ್ಣೆಯ ಬಟ್ಟೆ, ಅದರ ಮೇಲೆ ಕುರಿಯ ತೆಳು ಚರ್ಮ. ನೋಡಿದರೆ ಅರ್ಧ ದಿನದ ಕೆಲಸ. ನನಗೆ ನಾಲ್ಕು ದಿನ ಹಿಡಿಯಿತು. ಮೊದಲನೆಯದರಲ್ಲಿ ಬಿಸಿ ಅಂಟು ಜಾಸ್ತಿಯಾಗಿ ಚರ್ಮದಿಂದ ಒಸರಿ, ಒಣಗಿ ಗಟ್ಟಿಯಾಯಿತು. ಎರಡನೆಯದರಲ್ಲಿ ಅಂಟು ಕಡಿಮೆಯಾಗಿ ಒಂದು ಮೂಲೆ ಎದ್ದಿತು. ಮೇಷ್ಟ್ರು ಅದನ್ನು ಗಾಜಿನ ಮೇಲೆ ಬೋರಲು ಇಟ್ಟು, ಒಂದು ಸಿಗರೇಟ್ ಕಾಗದವನ್ನು ಮೆಲ್ಲಗೆ ಮೂಲೆಗೆ ತಳ್ಳಿದರು. ಕಾಗದ ಒಳಗೆ ಹೋಯಿತು. ಹೊಸ ಮರದ ತುಂಡು ತಂದುಕೊಟ್ಟರು.

ಅವತ್ತು ಅಬ್ಬಾಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. "ಸೋಪು ನೀರು ಹಚ್ಚಿ ನೋಡು, ಎಲ್ಲಿ ಗುಳ್ಳೆ ಬರುತ್ತೋ ಅಲ್ಲಿ ಸೋರ್ತಿರುತ್ತೆ," ಅಂದರು. ಚರ್ಮ ನೆನೆದರೆ ಹಾಳಾಗುತ್ತೆ ಅಬ್ಬಾ ಅಂದೆ. "ಗ್ಯಾಸ್ಕೆಟ್ ಕೂರಿಸುವಾಗ ನಾವು ಮಧ್ಯದಿಂದ ಹೊರಗೆ ಒತ್ತುತ್ತಾ ಬರ್ತಿದ್ವಿ. ಅಂಚಿನಿಂದ ಶುರು ಮಾಡಿದ್ರೆ ಗಾಳಿ ಒಳಗೆ ಸಿಕ್ಕೊಳ್ಳುತ್ತೆ. ನೀನು ಎಲ್ಲಿಂದ ಒತ್ತುತ್ತಿದ್ದೀಯಾ?" ಅಂದರು. ನಾನು ಅಂಚಿನಿಂದಲೇ ಒತ್ತುತ್ತಿದ್ದೆ. ಮೂರನೇ ಮುಚ್ಚಳಕ್ಕೆ ಮಧ್ಯದಿಂದ ಹೊರಗೆ ಒತ್ತಿದೆ. ಸಿಗರೇಟ್ ಕಾಗದ ಯಾವ ಕಡೆಯಿಂದಲೂ ಒಳಗೆ ಹೋಗಲಿಲ್ಲ. ಮೇಷ್ಟ್ರು ಯಾರು ಹೇಳಿಕೊಟ್ಟರು ಅಂತ ಕೇಳಿದರು. ಬಸ್ ಮೆಕ್ಯಾನಿಕ್ ಅಂದೆ. ಅದು ಸರಿಯಾದ ಉತ್ತರವೇ ಅನ್ನುವಂತೆ ತಲೆಯಾಡಿಸಿದರು.

ಅಜ್ಜಿ ದಿನಾ ಮಧ್ಯಾಹ್ನ ಊಟ ತರುತ್ತಿದ್ದರು. ಮೊದಲ ದಿನ ಸಾಸೇಜ್ ಡಬ್ಬಿ ತೆರೆದವರು, ನನ್ನ ಮುಖ ನೋಡಿ, "ಹಂದಿ ಅಲ್ವಾ? ಛೆ, ನಾನು ಕೇಳಬೇಕಿತ್ತು," ಅಂತ ವಾಪಸ್ ಮನೆಗೆ ನಡೆದು, ಚೀಸ್ ಹಾಕಿದ ಬಿಸಿ ನೂಡಲ್ಸಿನ ಪಾತ್ರೆ ಹೊತ್ತು ತಂದರು. ಆಮೇಲೆ ಮೂರು ವಾರವೂ ನಮ್ಮಿಬ್ಬರಿಗೂ ಅದೇ. ಮೇಷ್ಟ್ರು ಬಾಯಿ ಬಿಟ್ಟು ಹೇಳದಿದ್ದರೂ ಸಾಸೇಜ್ ತಪ್ಪಿದ್ದಕ್ಕೆ ಅವರಿಗೆ ಬೇಜಾರಿತ್ತು ಅಂತ ನನಗೆ ಗೊತ್ತು.

ಮುಚ್ಚಳ ಮುಗಿದ ದಿನ ಅಜ್ಜಿಗೆ ತೋರಿಸಿದೆ. ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದರು. "ಇಷ್ಟೇನಾ? ಈ ಒಂದು ತುಂಡು ಮರಕ್ಕಾಗಿ ನಾನು ಇಷ್ಟು ವರ್ಷ ಇಡೀ ಊರನ್ನು ಕೆಳಗೆ ಹಾಡಿಸಿದೆನಾ?"

ಎಲ್ಲ ಜೋಡಿಸಿದ ಮೇಲೆ ಮೇಷ್ಟ್ರು ನನ್ನನ್ನು ಕೀಬೋರ್ಡಿಗೆ ಕಳಿಸಿದರು. ಕರಿ ಮೂರು ಒತ್ತಿದೆ. ಮೊದಲು ಬರೀ ಉಸಿರು, ಆಮೇಲೆ ಸ್ವರ. ಸ್ವಲ್ಪ ಗೊಗ್ಗರು. ಮೇಷ್ಟ್ರು ಪೈಪಿನ ಬಾಯಿಯ ಹತ್ತಿರ ಸಣ್ಣ ಚಾಕು ಆಡಿಸಿ ಅದನ್ನೂ ಸರಿಮಾಡಿದರು. ಬೆರಳು ತೆಗೆದೆ, ಸ್ವರ ನಿಂತಿತು. ಮತ್ತೆ ಒತ್ತಿದೆ, ಬಂತು. ಹೀಗೆ ಇಪ್ಪತ್ತು ಸಲ ಮಾಡಿರಬೇಕು. ಯಾರೂ ಬೇಡ ಅನ್ನಲಿಲ್ಲ.

ಆ ಭಾನುವಾರದ ಪೂಜೆಗೆ ಗಂಡ, ಮಗಳನ್ನೂ ಕರೆದುಕೊಂಡು ಹೋದೆ. ಅವರು ಕೆಳಗೆ ಕೂತರು. ಏನಾದರೂ ತೊಂದರೆಯಾದರೆ ಇರಲಿ ಅಂತ ನಾನು ಮೇಲೆ, ಅಜ್ಜಿಯ ಪಕ್ಕ ನಿಂತಿದ್ದೆ. ಮೊದಲ ಹಾಡು ಮುಗಿಯಿತು. ಕರಿ ಮೂರು ಬರಲಿಲ್ಲ. ಎರಡನೆಯದು, ಮೂರನೆಯದು. ಬರಲೇ ಇಲ್ಲ. ಕೊನೆಗೆ ಅಜ್ಜಿ ಒಬ್ಬರೇ ನುಡಿಸುವ ಭಾಗದಲ್ಲಿ ಅವರ ಬೆರಳು ಆ ಕರಿ ಕೀಯ ಮೇಲೆ ಹೋಗಿ, ಬಿಸಿ ತಾಗಿದಂತೆ ಎಗರಿ, ಪಕ್ಕದ ಕೀಯ ಮೇಲೆ ಇಳಿದಿದ್ದನ್ನು ಕಣ್ಣಾರೆ ಕಂಡೆ. ನಾಲ್ಕು ದಿನದ ಕೆಲಸ ಆ ಪೆಟ್ಟಿಗೆಯೊಳಗೆ ಸುಮ್ಮನೆ ಮಲಗಿತ್ತು.

ಅಜ್ಜಿ ಕೀಬೋರ್ಡ್ ಮುಚ್ಚಿ ನನ್ನ ಕಡೆ ತಿರುಗಿದರು. "ನೋಡಿದಿರಲ್ಲ?"

"ನೋಡಿದೆ."

"ಆರ್ಗನ್ ರಿಪೇರಿ ಆಯ್ತು. ನನ್ನ ಕೈ ಇನ್ನೂ ಆಗಿಲ್ಲ." ಹಾಡಿನ ಪುಸ್ತಕ ಮಡಚಿ, "ಬುಧವಾರ ಮಧ್ಯಾಹ್ನ ಬರ್ತೀರಾ?" ಅಂದರು.

ಸೋಮವಾರ ಮೇಷ್ಟ್ರನ್ನು ಕೇಳಿದೆ. "ಹೋಗು. ಹೊಸ ಚರ್ಮ ಮೊದಲ ತಿಂಗಳು ಕುಗ್ಗುತ್ತೆ, ಎಳೆಯೋ ಪಟ್ಟಿಯ ಸ್ಕ್ರೂ ನೋಡ್ತಾ ಇರಬೇಕು," ಅಂದರು. ಸ್ಕ್ರೂ ನೋಡೋದಕ್ಕೆ ಐದು ನಿಮಿಷ ಸಾಕು. ಅದು ಅವರಿಗೂ ಗೊತ್ತಿತ್ತು.

ಮೊದಲ ಬುಧವಾರ ನಾನು ಒಂದು ಉಪಾಯ ಹೇಳಿದೆ: ಆ ಕೀಗೆ ಕೆಂಪು ಬಟ್ಟೆಯ ಚೂರು ಅಂಟಿಸೋಣ. "ನಾನು ಒಂದನೇ ಕ್ಲಾಸಿನ ಮಗು ಅಲ್ಲ, ಅವರಿಗೆ ಪಾಠ ಮಾಡಿದವಳು," ಅಂತ ಅಜ್ಜಿ ಗದರಿದರು. ಆಮೇಲೆ ತಾವೇ ಬೇರೆ ದಾರಿ ಕಂಡುಕೊಂಡರು. ಬೆಂಚಿನ ಮೇಲೆ ನನ್ನನ್ನು ಪಕ್ಕ ಕೂರಿಸಿಕೊಂಡರು. ಹಾಡನ್ನು ಪುಸ್ತಕದಲ್ಲಿ ಇರುವಂತೆಯೇ, ಇಳಿಸದೆ, ನಿಧಾನವಾಗಿ ನುಡಿಸುತ್ತಾ ಹೋದರು. ಕರಿ ಮೂರು ಬರಬೇಕಾದ ಕಡೆ ಮೊಣಕೈಯಿಂದ ನನ್ನನ್ನು ತಿವಿಯುತ್ತಿದ್ದರು, ನಾನು ಒತ್ತುತ್ತಿದ್ದೆ. ಮೊದಮೊದಲು ತಿವಿದು ನಾನು ಒತ್ತುವಷ್ಟರಲ್ಲಿ ಅವರು ಎರಡು ಸ್ವರ ಮುಂದೆ ಹೋಗಿರುತ್ತಿದ್ದರು. "ನೀವು ಪುಸ್ತಕ ನೋಡಬೇಕು, ನನ್ನ ಮೊಣಕೈಯನ್ನಲ್ಲ," ಅಂದರು. ಓದೋಕೆ ಬರಲ್ಲ ಅಂದೆ. ಅವರ ಕಣ್ಣು ಅರಳಿತು. ನಿವೃತ್ತರಾದ ಟೀಚರಿಗೆ ಒಬ್ಬ ವಿದ್ಯಾರ್ಥಿ ಸಿಕ್ಕಿದ್ದಳು.

ಬುಧವಾರಗಳು ಹೀಗೆ ಎರಡು ಪಾಲಾದವು. ಅರ್ಧ ಹೊತ್ತು ಅವರು ನನಗೆ ಗೆರೆಗಳ ಮೇಲಿನ ಚುಕ್ಕಿ ಓದೋದು ಕಲಿಸುತ್ತಿದ್ದರು, ಇನ್ನರ್ಧ ನಾನು ಅವರ ಮೂರನೇ ಕೈ. ಮನೆಯಲ್ಲಿ ಸ್ವರಗಳ ಜರ್ಮನ್ ಹೆಸರು ಹೇಳಿ ಪಾಠ ಒಪ್ಪಿಸುವಾಗ ಮಗಳು ನನ್ನ ಉಚ್ಚಾರಣೆ ತಿದ್ದುತ್ತಿದ್ದಳು. "ಹಾಗಲ್ಲ ಮಮ್ಮಿ," ಅಂತ ಕನ್ನಡದಲ್ಲಿ ಶುರು ಮಾಡಿ ಉಳಿದಿದ್ದನ್ನೆಲ್ಲ ಜರ್ಮನ್‌ನಲ್ಲಿ ಮುಗಿಸುವಳು. ಆ ವರ್ಷ ನಮ್ಮ ಮನೆಯಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಓದು ಕಲಿಯುತ್ತಿದ್ದೆವು. ಅವಳೇ ಮುಂದಿದ್ದಳು.

ಐದನೇ ಬುಧವಾರವೋ ಆರನೆಯದೋ, ಸರಿಯಾಗಿ ನೆನಪಿಲ್ಲ. ಹೊರಗೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಇತ್ತು. ಒಂದು ಹಾಡಿನ ಮೂರನೇ ಸಾಲಿನಲ್ಲಿ ಕರಿ ಮೂರು ಬರುತ್ತಿರೋದು ನನಗೂ ಪುಸ್ತಕದಲ್ಲಿ ಕಂಡಿತು. ತಿವಿತಕ್ಕೆ ಕಾಯದೆ ಬೆರಳು ಚಾಚಿದೆ. ಕೀಯ ಮೇಲೆ ಆಗಲೇ ಒಂದು ಬೆರಳಿತ್ತು. ಅಜ್ಜಿಯದು. ಇಬ್ಬರ ಬೆರಳೂ ಡಿಕ್ಕಿ ಹೊಡೆದವು, ಸ್ವರ ಬಂತು. ಅಜ್ಜಿ ಕೈ ಎತ್ತಲಿಲ್ಲ. ಅದು ಸುಮ್ಮನೆ ನುಡಿಯುತ್ತಾ ಇತ್ತು, ಇಡೀ ಖಾಲಿ ಚರ್ಚಿನ ತುಂಬ.

"ನೀವು ತಿವಿಯಲೇ ಇಲ್ಲ," ಅಂದೆ.

"ಮರೆತೆ," ಅಂದರು ಅಜ್ಜಿ. ಆಮೇಲೆ ನನ್ನ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹಾಡನ್ನು ಮೊದಲಿನಿಂದ, ಒಬ್ಬರೇ ನುಡಿಸಿದರು. ನಾನು ಬೆಂಚಿನ ತುದಿಗೆ ಸರಿದು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೇಳಿದೆ. ಒಂದು ಕಡೆ ತಪ್ಪಿದರು, ಬೈದುಕೊಂಡು ಮುಂದೆ ಹೋದರು.

ಸುಗ್ಗಿಯ ಕೃತಜ್ಞತಾ ಪೂಜೆಯ ದಿನ ಅಜ್ಜಿ ಮೊದಲ ಬಾರಿಗೆ ಹಾಡುಗಳನ್ನೆಲ್ಲ ಪುಸ್ತಕದಲ್ಲಿ ಇರುವ ಎತ್ತರಕ್ಕೇ ನುಡಿಸಿದರು. ಕುಂಬಳಕಾಯಿ, ಸೇಬು, ಗೋಧಿಯ ತೆನೆ ಜೋಡಿಸಿಟ್ಟಿದ್ದ ಚರ್ಚು ತುಂಬಿತ್ತು. ಮೇಷ್ಟ್ರೂ ಬಂದಿದ್ದರು, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಗುರುತೇ ಸಿಗದ ಹಾಗೆ. ಕರಿ ಮೂರು ಮೊದಲ ಹಾಡಿನಲ್ಲೇ ಬಂತು. ಗಟ್ಟಿಯಾಗಿ, ಸ್ವಚ್ಛವಾಗಿ ಬಂತು. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಮೇಲ್ಛಾವಣಿ ನೋಡುತ್ತಾ ಕೂತಿದ್ದರು, ಆದರೆ ಮಂಡಿಯ ಮೇಲಿದ್ದ ತೋರುಬೆರಳು ಒಮ್ಮೆ ಮೇಲೆದ್ದು ಇಳಿಯಿತು.

ಎಡವಟ್ಟಾಗಿದ್ದು ಕೆಳಗೆ. ಮೂವತ್ತು ವರ್ಷ ಕೆಳಗಿನ ಸ್ವರದಲ್ಲಿ ಆರಾಮಾಗಿ ಹಾಡಿದವರ ಗಂಟಲು ಎತ್ತರದ ಸಾಲಿನಲ್ಲಿ ಕೈಕೊಟ್ಟಿತು. ಹಿಂದಿನ ಬೆಂಚುಗಳ ಮುದುಕರಂತೂ ಎರಡನೇ ಹಾಡಿನಿಂದ ಬಾಯಿಯನ್ನಷ್ಟೇ ಆಡಿಸುತ್ತಿದ್ದರು. ಪೂಜೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಒಬ್ಬ ದಪ್ಪ ಮೀಸೆಯ ರೈತ ಮೇಷ್ಟ್ರನ್ನು ಅಡ್ಡಹಾಕಿದ. "ಏನು ಮಾಡಿಟ್ಟಿದ್ದೀರಿ ನಮ್ಮ ಆರ್ಗನ್ನಿಗೆ? ಎಷ್ಟು ಎತ್ತರಿಸಿಬಿಟ್ಟಿದ್ದೀರಲ್ಲ!"

ಮೇಷ್ಟ್ರು ನನ್ನ ಕಡೆ ಕೈ ತೋರಿಸಿ, "ಇವಳನ್ನ ಕೇಳಿ," ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಮೇಲಿಂದ ಇಳಿದು ಬಂದರು. "ಆರ್ಗನ್ ಇದ್ದಲ್ಲೇ ಇದೆ. ನೀನು ಎರಡನೇ ಕ್ಲಾಸಲ್ಲಿದ್ದಾಗಲೂ ಮೇಲಿನ ಸ್ವರಕ್ಕೆ ಬರೀ ಬಾಯಿ ಆಡಿಸ್ತಿದ್ದೆ," ಅಂದರು. ಸುತ್ತ ನಿಂತವರೆಲ್ಲ ನಕ್ಕರು. ಆತನೂ ನಕ್ಕ.

ಕೊನೆಗೆ ಒಂದು ರಾಜಿಯಾಯಿತು. ಊರು ಹಾಡುವ ಹಾಡುಗಳು ಮೊದಲಿನಂತೆ ಒಂದು ಸ್ವರ ಕೆಳಗೆ. ಜನ ಒಳಗೆ ಬರುವಾಗ, ಹೊರಗೆ ಹೋಗುವಾಗ ಅಜ್ಜಿ ಒಬ್ಬರೇ ನುಡಿಸುವುದು ಮಾತ್ರ ಅವರಿಷ್ಟ. ಅದರಲ್ಲಿ ಕರಿ ಮೂರು ಎಷ್ಟು ಸಲ ಬರುತ್ತದೆಂದರೆ, ಬೇಕೆಂದೇ ಹುಡುಕಿ ತಂದಿದ್ದಾರೆ ಅನ್ನಿಸುತ್ತದೆ.

ಅವತ್ತು ಮಧ್ಯಾಹ್ನ ನಮ್ಮನ್ನೆಲ್ಲ ಅಜ್ಜಿ ಮನೆಗೆ ಕರೆದರು. ಮೇಷ್ಟ್ರಿಗೆ ಬೇರೆ ತಟ್ಟೆಯಲ್ಲಿ ಸಾಸೇಜ್ ಬಂತು. ನಾನು ಬೆಳಿಗ್ಗೆ ಎದ್ದು ಮಾಡಿಕೊಂಡು ಹೋಗಿದ್ದ ಬಿರಿಯಾನಿಯನ್ನು ಅಜ್ಜಿ ಎರಡು ಸಲ ಹಾಕಿಸಿಕೊಂಡು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ತಿಂದರು. ನನ್ನ ಗಂಡ ಮೇಷ್ಟ್ರ ಜೊತೆ ಏನು ಮಾತಾಡೋದು ಅಂತ ತಿಳಿಯದೆ, ಇಂಥ ಆರ್ಗನ್ ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ ಕೇಳಿದರು. "ಯಾರೂ ತಾತ್ಕಾಲಿಕ ಅಂತ ಬರೆದು ಹೋಗದಿದ್ದರೆ ಇನ್ನೂರು," ಅಂದರು ಮೇಷ್ಟ್ರು.

ನನ್ನ ತರಬೇತಿ ಮುಗಿದು ಈಗ ಎರಡು ವರ್ಷ. ತರಬೇತಿಯ ನಡುವೆ ಆಗಾಗ ಹೋಗಬೇಕಿದ್ದ, ದೇಶದ ಎಲ್ಲ ಕಡೆಯ ಆರ್ಗನ್ ಅಟ್ಸೂಬಿಗಳು ಬಂದು ಓದುವ ಶಾಲೆಯಲ್ಲಿ ನಾನೇ ಎಲ್ಲರಿಗಿಂತ ಹಿರಿಯಳಾಗಿದ್ದೆ. ಸಂಗೀತದ ಪರೀಕ್ಷೆಯಲ್ಲಿ, ನನಗೇ ಆಶ್ಚರ್ಯವಾಗುವಂತೆ, ಒಳ್ಳೆಯ ಅಂಕ ಬಂತು. ಅದೇ ಶೆಡ್ಡಿನಲ್ಲೇ ಕೆಲಸಕ್ಕಿದ್ದೇನೆ. ಬೆಳಿಗ್ಗೆ ಏಳಕ್ಕೆ ಒಲೆ ಹಚ್ಚಿ ಅಂಟಿನ ಪಾತ್ರೆ ಬಿಸಿಗಿಟ್ಟು, ಅದು ಕರಗುವಷ್ಟರಲ್ಲಿ ಇಬ್ಬರಿಗೂ ಚಹಾ ಮಾಡುತ್ತೇನೆ. ಮೇಷ್ಟ್ರು ಈಗ ಏಲಕ್ಕಿ ಇಲ್ಲದ ಚಹಾ ಕುಡಿಯುವುದಿಲ್ಲ. ಈ ವಾರ ಒಂದು ಆಸ್ಪತ್ರೆಯ ಪ್ರಾರ್ಥನಾ ಕೋಣೆಗೆ ಪುಟ್ಟ ಹೊಸ ಆರ್ಗನ್ನು. ಅದಕ್ಕೆ ಐವತ್ತನಾಲ್ಕು ಮುಚ್ಚಳ ಬೇಕು. ಇವತ್ತಿಗೆ ಮೂವತ್ತೊಂದು ಮುಗಿಸಿದೆ.